ಒಳಗಿನ ಬಾಗಿಲುಗಳು

ಮಹಾಧಮನಿಯ ಕವಾಟದ ಒಂದು ದಳವನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಅದರ ಮೂಲಕ ಬೆಳಕು ತೂರಿ ಬರುತ್ತದೆ. ದಪ್ಪ ಒಂದು ಮಿಲಿಮೀಟರೂ ಇಲ್ಲ. ಇಂಥವು ಮೂರು, ಮೂರಕ್ಕೂ ಅರ್ಧಚಂದ್ರದ ಆಕಾರ. ಪ್ರತಿ ದಳದ ಅಂಚಿನ ನಟ್ಟನಡುವೆ ಕಂಡೂ ಕಾಣದಂಥ ಒಂದು ಪುಟ್ಟ ಗಂಟಿದೆ. ಮೂರು ಅರ್ಧಚಂದ್ರಗಳು ಕೂಡಿದರೆ ನಡುವೆ ಸಣ್ಣ ಕಿಂಡಿ ಉಳಿಯಬೇಕಷ್ಟೆ. ಆ ಕಿಂಡಿಯನ್ನು ಮೂರು ಗಂಟುಗಳು ಒತ್ತಿ ಕೂತು ಮುಚ್ಚುತ್ತವೆ. ಈ ದಳಗಳು ನಿಮಿಷಕ್ಕೆ ಸುಮಾರು 70 ಸಲ, ದಿನಕ್ಕೆ 1 ಲಕ್ಷ ಸಲ, ಎಪ್ಪತ್ತು ವರ್ಷ ಬಾಳಿದವರಲ್ಲಿ 250 ಕೋಟಿ ಸಲ ತೆರೆದು ಮುಚ್ಚಿರುತ್ತವೆ. ಅಂಗರಚನಾಶಾಸ್ತ್ರದ ಪಾಠ ಹೇಳುವ ನಾನು ಎಷ್ಟೋ ಹೃದಯಗಳನ್ನು ಬಿಡಿಸಿ ನೋಡಿದ್ದೇನೆ. ಈ ದಳಗಳ ಹತ್ತಿರ ಬಂದಾಗ ಮಾತ್ರ ಇಂದಿಗೂ ಕೈ ತಾನಾಗಿ ನಿಧಾನವಾಗುತ್ತದೆ.

ಅವುಗಳನ್ನು ತೆರೆಯಲೆಂದು ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಎಡ ಹೃತ್ಕುಕ್ಷಿ ಬಿಗಿದುಕೊಂಡು ಒಳಗಿನ ಒತ್ತಡ ಮಹಾಧಮನಿಯ ಒತ್ತಡವನ್ನು ತುಸು ಮೀರಿತೋ, ರಕ್ತವೇ ದಳಗಳನ್ನು ಸರಿಸಿಕೊಂಡು ಹೊರಡುತ್ತದೆ. ಹೃತ್ಕುಕ್ಷಿ ಸಡಿಲವಾದಾಗ ಹಿಂದಕ್ಕೆ ಮರಳಲು ಹೊರಟ ಅದೇ ರಕ್ತ ದಳಗಳನ್ನು ತುಂಬಿ ಮುಚ್ಚುತ್ತದೆ. ಹಾಯುವುದೇ ಬಾಗಿಲು ತೆರೆಯುತ್ತದೆ, ಹಾಯುವುದೇ ಮುಚ್ಚುತ್ತದೆ. ದೇಹದ ಚೆಲುವು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಇಂಥ ಬಾಗಿಲುಗಳನ್ನೇ ತೋರಿಸುತ್ತೇನೆ. ಶಾಲೆಯ ಗೋಡೆಯ ಚಿತ್ರಪಟದಲ್ಲಿ ಕೆಂಪು ಹೃದಯ, ಕಂದು ಯಕೃತ್ತು, ಗುಲಾಬಿ ಶ್ವಾಸಕೋಶ ಎಲ್ಲವೂ ಬೇರೆ ಬೇರೆ ಕೋಣೆಗಳ ಹಾಗೆ ಕಾಣುತ್ತವೆ. ಕೋಣೆಗಳ ಹೆಸರು ಬಾಯಿಪಾಠವಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲಲ್ಲಿ ಏನು ನಡೆಯುತ್ತದೆಂಬುದು ಆ ಪಟದಲ್ಲಿ ಬರುವುದಿಲ್ಲ. ರಸವಿರುವುದು ಅಲ್ಲಿ.

ಈ ಮೂರು ದಳಗಳ ಹಿಂದೆ ಮಹಾಧಮನಿಯ ಗೋಡೆ ಮೂರು ಕಡೆ ಹೊರಕ್ಕೆ ಉಬ್ಬಿದೆ. ಆ ಉಬ್ಬು ಯಾಕೆ ಎಂದು ಮೊದಲು ಚಿಂತಿಸಿದವನು ಲಿಯೊನಾರ್ಡೊ ದ ವಿಂಚಿ. 1513ರ ಸುಮಾರಿಗೆ ಆತ ಎತ್ತಿನ ಹೃದಯಗಳನ್ನು ಕೊಯ್ದು, ನೀಲಿ ಕಾಗದದ ಮೇಲೆ ಶಾಯಿಯಲ್ಲಿ ಅವುಗಳ ಚಿತ್ರ ಬರೆದ. ಜೀವಮಾನವಿಡೀ ನದಿಯ ಸುಳಿಗಳನ್ನು ನೋಡಿ ನೋಡಿ ಬರೆದಿದ್ದ ಕೈ ಅದು. ರಕ್ತ ಈ ಬಾಗಿಲು ದಾಟುವಾಗ ಅಂಚಿನ ಧಾರೆ ಉಬ್ಬಿನೊಳಕ್ಕೆ ತಿರುಗಿ ಸುಳಿಯಾಗುತ್ತದೆ, ಆ ಸುಳಿಯೇ ದಳಗಳನ್ನು ಒಳಮುಖವಾಗಿ ಬಿಡಿಸಿ ಮುಚ್ಚಲು ನೆರವಾಗುತ್ತದೆ ಎಂದು ಆತ ಊಹಿಸಿದ. ಗಾಜಿನಲ್ಲಿ ಧಮನಿಯ ಅಚ್ಚು ಮಾಡಿಸಿ, ನೀರಿಗೆ ಹುಲ್ಲಿನ ಬೀಜ ಬೆರೆಸಿ ಹರಿಸಿ ನೋಡಬೇಕೆಂದೂ ಟಿಪ್ಪಣಿ ಬರೆದುಕೊಂಡ. ಹಾಳೆಗಳು ಅಚ್ಚಾಗದೆ ಉಳಿದವು. ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ. ನಾಲ್ಕೂವರೆ ಶತಮಾನ ಕಳೆದ ಮೇಲೆ ಪ್ರಯೋಗಶಾಲೆಗಳಲ್ಲಿ ಕವಾಟದ ಮಾದರಿ ಮಾಡಿ ದ್ರವ ಹರಿಸಿದವರಿಗೆ ಅದೇ ಸುಳಿ ಕಂಡಿತು. ಈಗ ಜೀವಂತ ಮನುಷ್ಯನ ಎದೆಯೊಳಗೆ ಆ ಸುಳಿ ತಿರುಗುವುದನ್ನು ಎಂಆರ್‌ಐ ಚಿತ್ರದಲ್ಲಿ ನೋಡಬಹುದು.

ಆ ಉಬ್ಬುಗಳಿಗೆ ಇನ್ನೊಂದು ಕೆಲಸವೂ ಇದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಎರಡು ಧಮನಿಗಳು ಹೊರಡುವುದು ಅಲ್ಲಿಂದಲೇ. ಎಡ ಹೃತ್ಕುಕ್ಷಿಯ ಗೋಡೆಗೆ ರಕ್ತದ ಹೆಚ್ಚಿನ ಪಾಲು ಸಿಗುವುದು ಅದು ಸಡಿಲವಾಗಿರುವಾಗ, ಎಂದರೆ ಬಾಗಿಲು ಮುಚ್ಚಿರುವಾಗ. ಮೈಗೆಲ್ಲ ಬಡಿಸಿ ಬಾಗಿಲು ಹಾಕಿಕೊಂಡ ಮೇಲೆಯೇ ಹೃದಯ ಉಣ್ಣುವುದು.

ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ದ್ವಿದಳ ಕವಾಟದ ಚೆಲುವು ಬೇರೆ ಬಗೆಯದು. ಇಲ್ಲಿ ದಳಗಳ ಅಂಚಿನಿಂದ ಬಿಳಿಯ, ಹೊಳೆಯುವ ಸಣ್ಣ ಹುರಿಗಳು ಇಳಿದು ಹೃತ್ಕುಕ್ಷಿಯ ಒಳಗೋಡೆಯಿಂದ ಎದ್ದುನಿಂತ ಎರಡು ಸ್ನಾಯುಸ್ತಂಭಗಳಿಗೆ ಕಟ್ಟಿಕೊಂಡಿವೆ. ಒಂದೊಂದು ಹುರಿಯೂ ಕೆಳಗೆ ಒಂದಾಗಿದ್ದು ಮೇಲೆ ಹೋದಂತೆ ಕವಲೊಡೆಯುತ್ತದೆ. ಹೃತ್ಕುಕ್ಷಿಯನ್ನು ಉದ್ದಕ್ಕೆ ಸೀಳಿ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಇವೇ. ಈ ಸ್ತಂಭಗಳು ಬಿಗಿದಾಗ ಬಾಗಿಲನ್ನು ಎಳೆದು ಮುಚ್ಚುತ್ತವೆ ಎಂದು ಮೊದಲ ವರ್ಷದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಣಿಸುತ್ತಾರೆ. ಮುಚ್ಚುವುದು ಇಲ್ಲೂ ರಕ್ತವೇ. ಮುಚ್ಚಿದ ಬಾಗಿಲು ಅತಿಯಾದ ಒತ್ತಡಕ್ಕೆ ಹಿಂದಕ್ಕೆ ಮಗುಚಿಕೊಳ್ಳದಂತೆ ಹಿಡಿದಿಡುವುದು ಹುರಿಗಳ ಕೆಲಸ. ಹೃತ್ಕುಕ್ಷಿ ಕುಗ್ಗಿದಾಗ ಅದರ ಗೋಡೆ ಬಾಗಿಲಿಗೆ ಹತ್ತಿರ ಬರುತ್ತದೆ, ಹುರಿಗಳು ಸಡಿಲವಾಗಬೇಕು. ಆ ಕ್ಷಣಕ್ಕೆ ಸ್ತಂಭಗಳೂ ಕುಗ್ಗಿ ಸಡಿಲವನ್ನು ಎಳೆದುಕೊಳ್ಳುತ್ತವೆ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡವರ ಮುಖ ನೋಡುವುದು ನನ್ನ ವೃತ್ತಿಯ ದೊಡ್ಡ ಸುಖಗಳಲ್ಲೊಂದು.

ಬಾಗಿಲುಗಳು ಮುಚ್ಚುವ ಸದ್ದನ್ನೇ ನಾವು ಎದೆಬಡಿತ ಎನ್ನುವುದು. ಮೊದಲ ‘ಲಬ್’ ಕರ್ಣ ಮತ್ತು ಕುಕ್ಷಿಗಳ ನಡುವಿನ ಎರಡು ಕವಾಟಗಳದ್ದು. ಎರಡನೆಯ ‘ಡಬ್’ ಮಹಾಧಮನಿ ಮತ್ತು ಶ್ವಾಸಕೋಶದ ಧಮನಿಯ ಕವಾಟಗಳದ್ದು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ರೋಗಿಯೊಬ್ಬಳ ಎದೆಗೆ ಇಟ್ಟು ಕೇಳಿದ; ಸ್ಟೆತಸ್ಕೋಪು ಹುಟ್ಟಿದ್ದು ಹಾಗೆ. ಆರೋಗ್ಯವಂತ ಹುಡುಗನೊಬ್ಬನ ಎದೆಮೂಳೆಯ ಎಡ ಅಂಚಿನಲ್ಲಿ, ಎರಡನೆಯ ಪಕ್ಕೆಲುಬಿನ ಕೆಳಗೆ ಸ್ಟೆತಸ್ಕೋಪು ಇಟ್ಟು ನಿಧಾನವಾಗಿ ಉಸಿರೆಳೆದುಕೋ ಎನ್ನಿ. ಒಂದಾಗಿದ್ದ ‘ಡಬ್’ ಎರಡಾಗಿ ಒಡೆಯುತ್ತದೆ. ಉಸಿರು ಬಿಟ್ಟರೆ ಮತ್ತೆ ಒಂದಾಗುತ್ತದೆ. ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು ಬಲಭಾಗಕ್ಕೆ ಹೆಚ್ಚು ರಕ್ತ ಬರುತ್ತದೆ, ಅದನ್ನು ಹೊರದೂಡಲು ಬಲ ಹೃತ್ಕುಕ್ಷಿಗೆ ತುಸು ಹೊತ್ತು ಹೆಚ್ಚು ಬೇಕು, ಹಾಗಾಗಿ ಅದರ ಬಾಗಿಲು ಸೆಕೆಂಡಿನ ಕೆಲವು ನೂರನೇ ಭಾಗದಷ್ಟು ತಡವಾಗಿ ಮುಚ್ಚುತ್ತದೆ. ಉಸಿರು ರಕ್ತದ ತಾಳಕ್ಕೆ ಹೀಗೆ ಕೈಹಾಕುವುದನ್ನು ಕಿವಿಯಿಂದಲೇ ಹಿಡಿಯಬಹುದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸಂಗೀತ ಬಲ್ಲ ವಿದ್ಯಾರ್ಥಿಗಳು ಇದನ್ನು ಬೇಗ ಹಿಡಿಯುತ್ತಾರೆ.

ಮನುಷ್ಯ ಇಂಥ ಬಾಗಿಲು ಮಾಡಲು ಹೊರಟಾಗ ಅದರ ಬೆಲೆ ತಿಳಿಯುತ್ತದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ಭಾರತದ್ದೇ ಆದ ಕೃತಕ ಕವಾಟಕ್ಕಾಗಿ ವರ್ಷಗಟ್ಟಲೆ ದುಡಿಯಿತು. ಮೂರು ಮಾದರಿಗಳು ಕೈಕೊಟ್ಟವು. ನಾಲ್ಕನೆಯದನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಎದೆಯಲ್ಲಿ ಇಟ್ಟರು. ಲೋಹದ ಬಳೆಯೊಳಗೆ ವಾಲಿ ತೆರೆಯುವ ಒಂದು ಪ್ಲಾಸ್ಟಿಕ್ ಬಿಲ್ಲೆ, ಅಷ್ಟೆ ಅದು. ಆಮೇಲೆ ಎಷ್ಟೋ ಸಾವಿರ ಬಡ ರೋಗಿಗಳ ಜೀವ ಅದರಿಂದ ಉಳಿಯಿತು. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲಕ್ಕೆ ಬಂದು ಕುಲಪತಿಯಾದರು. ಹೊರಗಿನಿಂದ ಇಟ್ಟ ಇಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ನುಂಗಬೇಕು; ಹುಟ್ಟಿನಿಂದ ಬಂದದ್ದಕ್ಕೆ ಯಾವ ಮಾತ್ರೆಯೂ ಬೇಡ.

ಹೃದಯದಿಂದ ಹೊರಗೆ, ಚರ್ಮದ ಕೆಳಗೇ ಕಾಣುವ ಬಾಗಿಲುಗಳೂ ಇವೆ. ತೋಳನ್ನು ಸ್ವಲ್ಪ ಹೊತ್ತು ಇಳಿಬಿಟ್ಟು, ಮೊಣಕೈ ಮೇಲೆ ಒಂದು ಬಟ್ಟೆ ಸುತ್ತಿ ಹದವಾಗಿ ಬಿಗಿಯಿರಿ. ಮುಂಗೈಯ ಅಭಿಧಮನಿಗಳು ಎದ್ದುಕಾಣುತ್ತವೆ. ಅಲ್ಲಲ್ಲಿ ಸಣ್ಣ ಗಂಟುಗಳು ಉಬ್ಬಿರುತ್ತವೆ. ಅವು ಕವಾಟಗಳಿರುವ ಜಾಗ. ಒಂದು ಗಂಟಿಗಿಂತ ಕೆಳಗೆ ಬೆರಳೊತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಕ್ಕೆ, ಗಂಟು ದಾಟುವವರೆಗೆ ಸವರಿ ಬಿಡಿ. ನಡುವಿನ ತುಂಡು ಖಾಲಿಯಾಗಿ ಚಪ್ಪಟೆಯಾಗುತ್ತದೆ, ಮೇಲಿನಿಂದ ಒಂದು ಹನಿಯೂ ಇಳಿಯುವುದಿಲ್ಲ. ಕೆಳಗಿನ ಬೆರಳು ತೆಗೆದೊಡನೆ ಕೈಯ ಕಡೆಯಿಂದ ತಟ್ಟನೆ ತುಂಬಿಕೊಳ್ಳುತ್ತದೆ. ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಚಿತ್ರ ಸಮೇತ ಕೊಟ್ಟ ಪ್ರಯೋಗ ಇದು. ಪುಸ್ತಕ ಎಪ್ಪತ್ತು ಚಿಲ್ಲರೆ ಪುಟದ್ದು, ಅದರಿಂದ ಬಿದ್ದುಹೋದದ್ದು ಸಾವಿರದ ನಾನೂರು ವರ್ಷ ನಂಬಿಕೊಂಡು ಬಂದಿದ್ದ ಗ್ಯಾಲೆನ್ನನ ಮತ.

ಈ ಬಾಗಿಲುಗಳನ್ನು ಹಾರ್ವೆಗೆ ತೋರಿಸಿದವನು ಇಟಲಿಯ ಪಡುವಾದಲ್ಲಿ ಅವನ ಗುರುವಾಗಿದ್ದ ಫ್ಯಾಬ್ರಿಸಿಯಸ್. 1603ರಲ್ಲಿ ಆತ ಅಭಿಧಮನಿಗಳ ಕವಾಟಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಕಾಲಿನಲ್ಲಿ ರಕ್ತ ಜಾಸ್ತಿ ತುಂಬಿಕೊಳ್ಳದಂತೆ ಅದರ ವೇಗ ತಗ್ಗಿಸಲು ಇವು ಇವೆ ಎಂದು ಅವನ ಎಣಿಕೆ. ಎಲ್ಲ ಬಾಗಿಲುಗಳೂ ಹೃದಯದ ಕಡೆಗೇ ತೆರೆಯುತ್ತವಲ್ಲ ಎಂಬುದು ಶಿಷ್ಯನ ಮನಸ್ಸಿಗೆ ತಟ್ಟಿತು. ರಕ್ತ ಸುತ್ತಿ ಬರುತ್ತದೆಂಬ ವಿಚಾರ ಹೊಳೆದದ್ದೇ ಈ ಕವಾಟಗಳಿಂದ ಎಂದು ಹಾರ್ವೆ ಮುದಿವಯಸ್ಸಿನಲ್ಲಿ ತನಗೆ ಹೇಳಿದ್ದಾಗಿ ರಾಬರ್ಟ್ ಬಾಯ್ಲ್ ಬರೆದಿಟ್ಟಿದ್ದಾನೆ. ಹಾರ್ವೆಯ ಇನ್ನೊಂದು ಆಧಾರ ಬರೀ ಲೆಕ್ಕ. ಒಂದು ಬಡಿತಕ್ಕೆ ಎಷ್ಟೇ ಕಡಿಮೆ ರಕ್ತ ಹೊರಬರುತ್ತದೆಂದು ಹಿಡಿದರೂ ಅರ್ಧ ಗಂಟೆಯಲ್ಲಿ ಮೈಯೊಳಗಿನ ಒಟ್ಟು ರಕ್ತಕ್ಕಿಂತ ಹೆಚ್ಚಾಗುತ್ತದೆ. ಅಷ್ಟು ರಕ್ತವನ್ನು ಯಾವ ಊಟವೂ ಹುಟ್ಟಿಸಲಾರದು. ಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ದಾರಿ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಆತ ತೀರಿಕೊಂಡದ್ದು 1657ರಲ್ಲಿ. 1661ರಲ್ಲಿ ಮಾಲ್ಪಿಗಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶ ಇಟ್ಟು ಆ ಲೋಮನಾಳಗಳನ್ನು ಕಂಡ. ನಾಲ್ಕೇ ವರ್ಷ. ಇದನ್ನು ಪಾಠ ಮಾಡುವಾಗಲೆಲ್ಲ ಹಾರ್ವೆ ಇನ್ನಷ್ಟು ದಿನ ಇರಬೇಕಿತ್ತು ಎಂದು ಮನಸ್ಸಿನಿಂದ ಅನಿಸುತ್ತದೆ.

ಗಂಟಲಿಗೆ ಬರೋಣ. ಗಾಳಿ ಮೂಗಿನಿಂದ ಬಂದು ಮುಂದಿನ ಶ್ವಾಸನಾಳಕ್ಕೆ ಹೋಗಬೇಕು, ಅನ್ನ ಬಾಯಿಯಿಂದ ಬಂದು ಹಿಂದಿನ ಅನ್ನನಾಳಕ್ಕೆ. ಎರಡು ದಾರಿಗಳೂ ಒಂದನ್ನೊಂದು ಕತ್ತರಿಸಲೇಬೇಕು. ಇಂಥ ಅಪಾಯದ ಕೂಡುದಾರಿ ಮೈಯಲ್ಲಿ ಇನ್ನೊಂದಿಲ್ಲ. ಗಂಟಲಿನ ಉಬ್ಬಿನ ಮೇಲೆ ಎರಡು ಬೆರಳಿಟ್ಟು ಉಗುಳು ನುಂಗಿ: ಉಬ್ಬು ಮೇಲಕ್ಕೆ, ತುಸು ಮುಂದಕ್ಕೆ ಜಾರಿ ಮತ್ತೆ ಕೆಳಗೆ ಬರುತ್ತದೆ. ಆ ಒಂದು ಸೆಕೆಂಡಿನೊಳಗೆ ಮೆದು ಅಂಗುಳ ಎದ್ದು ಮೂಗಿನ ದಾರಿ ಮುಚ್ಚಿತು, ಧ್ವನಿತಂತುಗಳು ಒಂದನ್ನೊಂದು ಒತ್ತಿಕೊಂಡು ಶ್ವಾಸನಾಳದ ಬಾಯಿ ಮುಚ್ಚಿದವು, ಧ್ವನಿಪೆಟ್ಟಿಗೆ ನಾಲಿಗೆಯ ಬುಡದ ಅಡಿ ಸೇರಿಕೊಂಡಿತು, ಎಪಿಗ್ಲಾಟಿಸ್ ಹಿಂದಕ್ಕೆ ಬಾಗಿ ಮುಚ್ಚಳವಾಯಿತು, ಸದಾ ಬಿಗಿದೇ ಇರುವ ಅನ್ನನಾಳದ ಮೇಲುಬಾಯಿ ಸಡಿಲವಾಗಿ ತುತ್ತನ್ನು ಒಳಗೆ ಬಿಟ್ಟುಕೊಂಡಿತು, ಉಸಿರು ಅಷ್ಟು ಹೊತ್ತು ನಿಂತು ಮತ್ತೆ ಹೊರಟಿತು. ಉಣ್ಣುತ್ತಾ ಮಾತಾಡಬೇಡ ಎಂದು ಹಿರಿಯರು ಗದರಿಸುವುದು ಈ ಕ್ರಮ ತಪ್ಪೀತೆಂದೇ. ತಪ್ಪಿದರೆ ನೆತ್ತಿಗೆ ಹತ್ತುತ್ತದೆ, ಯಾರೋ ನೆನೆಸಿಕೊಂಡರು ಎನ್ನುತ್ತಾ ಅಜ್ಜಿ ನೆತ್ತಿ ತಟ್ಟುತ್ತಾರೆ. ದಾರಿ ತಪ್ಪಿದ ಅಗುಳನ್ನು ಹೊರಗೆಸೆಯುವುದು ಕೆಮ್ಮು. ಮುಚ್ಚಿದ ಅದೇ ಧ್ವನಿತಂತುಗಳ ಹಿಂದೆ ಗಾಳಿ ಒತ್ತಿ ನಿಂತು ಒಮ್ಮೆಲೇ ಸಿಡಿಯುವುದು.

ಹೀಗೆ ಕಾವಲಿಗೆಂದು ನಿಂತ ಎರಡು ಮಡಿಕೆಗಳಲ್ಲಿಯೇ ಮನುಷ್ಯನ ದನಿ ಹುಟ್ಟಿದೆ. ಅರೆಮುಚ್ಚಿದ ಬಾಗಿಲ ನಡುವೆ ಉಸಿರು ಹಾದಾಗ ಅವು ಕಂಪಿಸುತ್ತವೆ. ಗಂಡಸರ ಮಾತಿನಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರ ಮಾತಿನಲ್ಲಿ 200ರ ಆಸುಪಾಸು. ಜೀವಂತ ಮನುಷ್ಯನಲ್ಲಿ ಇವನ್ನು ಚೆನ್ನಾಗಿ ನೋಡಿ ವಿವರಿಸಿದವನು ವೈದ್ಯನಲ್ಲ, ಹಾಡುಗಾರಿಕೆಯ ಮೇಷ್ಟ್ರು. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ ತನ್ನ ಧ್ವನಿತಂತುಗಳನ್ನು ತಾನೇ ನೋಡಿಕೊಂಡ. ಶಿಷ್ಯರಿಗೆ ಕಲಿಸುವ ದನಿ ಎಲ್ಲಿಂದ ಬರುತ್ತದೆಂದು ಕಣ್ಣಾರೆ ಕಾಣುವ ಹಂಬಲ ಅವನದು. ಗಂಗೂಬಾಯಿ ಹಾನಗಲ್ಲರ ಆ ಗಟ್ಟಿಯಾದ ಷಡ್ಜ ಕೇಳುವಾಗ ನಾನು ಈ ಎರಡು ಮಡಿಕೆಗಳನ್ನು ನೆನೆಯುತ್ತೇನೆ. ಉದ್ದ ಎರಡು ಸೆಂಟಿಮೀಟರೂ ಇಲ್ಲ.

ಶ್ವಾಸಕೋಶದಲ್ಲಿ ಬಾಗಿಲೇ ಇಲ್ಲ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳುವಾಗಿರುವುದರಿಂದ ಅದರ ಅಗತ್ಯವೂ ಇಲ್ಲ. 30 ಕೋಟಿಗೂ ಹೆಚ್ಚು ಗಾಳಿಗೂಡುಗಳು, ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು. ಕೆಂಪು ರಕ್ತಕಣವೊಂದು ಆ ಗೋಡೆಯ ಪಕ್ಕ ಮುಕ್ಕಾಲು ಸೆಕೆಂಡು ಇರುತ್ತದೆ, ಕಾಲು ಸೆಕೆಂಡಿನಲ್ಲೇ ಆಮ್ಲಜನಕ ತುಂಬಿಕೊಂಡುಬಿಡುತ್ತದೆ. ಉಳಿದ ಅರ್ಧ ಸೆಕೆಂಡು ಬೆಟ್ಟ ಹತ್ತುವ ದಿನಕ್ಕೆಂದು ಇಟ್ಟ ಉಳಿತಾಯ.

ಜಠರದ ಬಗ್ಗೆ ನಮಗೆ ತಿಳಿದದ್ದರ ದೊಡ್ಡ ಪಾಲು ಇರಬಾರದ ಕಡೆ ಉಳಿದುಹೋದ ಒಂದು ಬಾಗಿಲಿನಿಂದ ಬಂತು. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ತೊಗಲು ವ್ಯಾಪಾರದ ಕೂಲಿಗೆ ಆಕಸ್ಮಿಕವಾಗಿ ಹತ್ತಿರದಿಂದ ಬಂದೂಕಿನ ಗುಂಡು ತಗುಲಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆರೈಕೆ ಮಾಡಿದ, ಮಾರ್ಟಿನ್ ಬದುಕಿಕೊಂಡ. ಗಾಯ ಮಾತ್ರ ಮುಚ್ಚಲಿಲ್ಲ. ಜಠರದ ಅಂಚು ಹೊಟ್ಟೆಯ ಚರ್ಮಕ್ಕೆ ಕೂಡಿಕೊಂಡು ತೂತಾಗಿ ಉಳಿಯಿತು. ಕೊನೆಗೆ ಜಠರದ ಒಳಪದರವೇ ಮಡಿಕೆಯಾಗಿ ಬೆಳೆದು ಆ ತೂತಿಗೆ ಒಂದು ಕವಾಟವಾಯಿತು. ಬೆರಳಿನಿಂದ ಒತ್ತಿದರೆ ತೆರೆಯುತ್ತಿತ್ತು. ಬೋಮಾಂಟ್ ರೇಷ್ಮೆದಾರಕ್ಕೆ ಮಾಂಸ, ಬ್ರೆಡ್ಡು, ಎಲೆಕೋಸು ಕಟ್ಟಿ ಒಳಗಿಳಿಸಿ, ಗಂಟೆಗೊಮ್ಮೆ ಎಳೆದು ನೋಡಿದ. ಜಠರರಸವನ್ನು ಸೀಸೆಯಲ್ಲಿ ತೆಗೆದು ಬೆಚ್ಚಗಿಟ್ಟು ಅದರಲ್ಲೂ ಮಾಂಸ ಕರಗುವುದನ್ನು ಕಂಡ. ಸಿಟ್ಟು ಬಂದಾಗ ಜೀರ್ಣಕ್ರಿಯೆ ಏರುಪೇರಾಗುವುದನ್ನೂ ಬರೆದಿಟ್ಟ. 1833ರ ಅವನ ಪುಸ್ತಕ ಜೀರ್ಣಕ್ರಿಯೆಯ ವಿಜ್ಞಾನಕ್ಕೆ ಅಡಿಗಲ್ಲು. ಮಾರ್ಟಿನ್ನನ ಕಡೆಯಿಂದ ನೋಡಿದರೆ ಮನಸ್ಸು ನೋಯುತ್ತದೆ. ಬಡವ, ಬೋಮಾಂಟನ ಮನೆಯಲ್ಲೇ ಕೆಲಸಕ್ಕಿದ್ದವನು, ಮನೆಮಂದಿಯನ್ನು ಬಿಟ್ಟು ವರ್ಷಗಟ್ಟಲೆ ಪ್ರಯೋಗಕ್ಕೆ ಒಡ್ಡಿಕೊಳ್ಳಬೇಕಾಯಿತು. 1880ರಲ್ಲಿ ಆತ ತೀರಿಕೊಂಡಾಗ ವೈದ್ಯರು ಹೆಣ ಕೇಳಿಯಾರೆಂದು ಮನೆಯವರು ಅದು ಕೊಳೆಯುವವರೆಗೆ ಇಟ್ಟುಕೊಂಡು, ಆಳವಾದ ಗುಂಡಿಯಲ್ಲಿ ಹೂಳಿದರು. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಈಗ ನಮ್ಮ ಮೇಜಿನ ಮೇಲೆ ಬರುವವರಲ್ಲಿ ಬಹಳ ಮಂದಿ ಬದುಕಿರುವಾಗಲೇ ದೇಹದಾನದ ಪತ್ರಕ್ಕೆ ಸಹಿ ಹಾಕಿ, ತಾವಾಗಿ ಒಪ್ಪಿ ಬಂದವರು. ಆ ಒಪ್ಪಿಗೆಯಿಂದಲೇ ನಮ್ಮ ಕಲಿಕೆಗೆ ಗೌರವ.

ಜಠರದ ನಿಜವಾದ ಹೊರಬಾಗಿಲು ದಪ್ಪ ಸ್ನಾಯುವಿನ ಬಳೆ. ಇದು ಹಾಯುವುದಕ್ಕೆ ಸುಲಭವಾಗಿ ಸೋಲುವುದಿಲ್ಲ. ಜಠರ ಅನ್ನವನ್ನು ಅದರ ಕಡೆಗೆ ನೂಕುತ್ತದೆ, ಅದು ಬಿಗಿದು ಹಿಂದಕ್ಕೆ ತಳ್ಳುತ್ತದೆ, ಹೀಗೆ ಅರೆದು ಅರೆದು ಒಂದೆರಡು ಮಿಲಿಮೀಟರಿಗಿಂತ ಸಣ್ಣಗಾದದ್ದನ್ನು ಮಾತ್ರ ಆಚೆ ಬಿಡುತ್ತದೆ. ಆಚೆ ಸಣ್ಣ ಕರುಳಿಗೆ ಹುಳಿ ತಾಗಿದೊಡನೆ ಅದರ ಗೋಡೆ ರಕ್ತದ ಮೂಲಕ ಮೇದೋಜೀರಕ ಗ್ರಂಥಿಗೆ ಸುದ್ದಿ ಕಳಿಸಿ ಕ್ಷಾರದ ರಸ ತರಿಸಿಕೊಳ್ಳುತ್ತದೆ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನರಗಳನ್ನೆಲ್ಲ ಕಡಿದ ಮೇಲೂ ಈ ಸುದ್ದಿ ತಲುಪುವುದನ್ನು ಕಂಡರು. ಹಾರ್ಮೋನುಗಳ ವಿಜ್ಞಾನ ಶುರುವಾದದ್ದು ಅಲ್ಲಿಂದ. ಜಿಡ್ಡು ಬಂದರೆ ಇದೇ ಕರುಳು ಸ್ವಲ್ಪ ತಡೆ ಎಂದು ಜಠರಕ್ಕೆ ಹೇಳುತ್ತದೆ. ತುಪ್ಪ ಸುರಿದ ಹೋಳಿಗೆ ಉಂಡ ಮಧ್ಯಾಹ್ನ ಹೊಟ್ಟೆ ಬಹಳ ಹೊತ್ತು ತುಂಬಿದಂತಿರುವುದಕ್ಕೆ ಕಾರಣ ಆ ಮಾತು.

ಮೂತ್ರಪಿಂಡಗಳಲ್ಲಿ ಒಂದೊಂದಕ್ಕೂ ಸುಮಾರು 10 ಲಕ್ಷ ಸೋಸುಗಂಟುಗಳಿವೆ. ದಿನಕ್ಕೆ 180 ಲೀಟರ್ ದ್ರವ ರಕ್ತದಿಂದ ಸೋಸಿ ಹೊರಬೀಳುತ್ತದೆ. ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೋಗಿ ಉಳಿದುದೆಲ್ಲ ಮರಳಿ ರಕ್ತ ಸೇರುತ್ತದೆ. ಮೊದಲು ಹೊರಗೆ ಸುರಿದು, ಬೇಕಾದ್ದನ್ನು ಆಯ್ದುಕೊಳ್ಳುವ ರೀತಿ ಇದು. ಹೀಗಾಗಿ ಮೈಗೆ ಹಿಂದೆಂದೂ ಕಂಡಿರದ ವಿಷ ಬಂದರೂ ಅದರ ಗುರುತು ಹಿಡಿಯುವ ಕೆಲಸವಿಲ್ಲ, ಆಯ್ದುಕೊಳ್ಳದಿದ್ದರೆ ಸಾಕು. ಅಲ್ಲಿಂದ ಹೊರಟ ಮೂತ್ರನಾಳ ಮೂತ್ರಕೋಶ ಸೇರುವ ಜಾಗವನ್ನು ನೋಡಿ. ನೆಟ್ಟಗೆ ಚುಚ್ಚಿಕೊಂಡು ಹೋಗದೆ ಗೋಡೆಯೊಳಗೆ ಓರೆಯಾಗಿ ಒಂದಿಷ್ಟು ದೂರ ನಡೆದು ಆಮೇಲೆ ಒಳಗೆ ತೆರೆಯುತ್ತದೆ. ಕೋಶ ತುಂಬಿದಷ್ಟೂ ಒಳಗಿನ ಒತ್ತಡ ಆ ಓರೆದಾರಿಯನ್ನು ಗೋಡೆಗೆ ಅದುಮಿ ಮುಚ್ಚುತ್ತದೆ. ದಳವಿಲ್ಲ, ಹುರಿಯಿಲ್ಲ, ಕೇವಲ ಒಂದು ಓರೆ. ಕೆಲವು ಮಕ್ಕಳಲ್ಲಿ ಈ ಓರೆ ಗಿಡ್ಡವಾಗಿದ್ದು ಮೂತ್ರ ಹಿಂದಕ್ಕೆ ಏರಿ ಸೋಂಕಾಗುತ್ತದೆ. ಶಸ್ತ್ರವೈದ್ಯರು ಮಾಡುವುದು ಇಷ್ಟೆ: ನಾಳವನ್ನು ಬಿಡಿಸಿ, ಇನ್ನಷ್ಟು ಉದ್ದದ ಓರೆದಾರಿಯಲ್ಲಿ ಮತ್ತೆ ಕೂಡಿಸುತ್ತಾರೆ.

ಕಿವಿಯಿಂದ ಗಂಟಲಿಗೆ ಇಳಿದ ಸಣ್ಣ ನಾಳವೂ ಹೀಗೆ ಸದಾ ಮುಚ್ಚಿಯೇ ಇರುತ್ತದೆ, ನುಂಗಿದಾಗ ಆಕಳಿಸಿದಾಗ ಮಾತ್ರ ತೆರೆಯುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುವುಗಳನ್ನು ಹತ್ತುವಾಗ ಕಿವಿ ಗಪ್ಪೆಂದು ಮುಚ್ಚಿ, ಒಂದು ಆಕಳಿಕೆಗೆ ಬಿಟ್ಟುಕೊಳ್ಳುವುದು ಎಲ್ಲರ ಅನುಭವ.

ಎಲ್ಲಕ್ಕಿಂತ ಚಿಕ್ಕ ಬಾಗಿಲುಗಳು ಜೀವಕೋಶದ ಪೊರೆಯಲ್ಲಿವೆ. ಈ ಸಾಲು ಓದುವ ಕಣ್ಣಿನಿಂದ ಮಿದುಳಿಗೆ ಸುದ್ದಿ ಹೋಗುವುದು ನರಕೋಶದ ಪೊರೆಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳ ದ್ವಾರಗಳು ಒಂದರ ಹಿಂದೊಂದು ತೆರೆದು ಮುಚ್ಚುವುದರಿಂದ. ಇದರ ಗಣಿತವನ್ನು 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದ ಮೇಲೆ ಪ್ರಯೋಗ ಮಾಡಿ ಬರೆದರು. ಒಂದು ಒಗಟು ಉಳಿದಿತ್ತು. ಪೊಟ್ಯಾಸಿಯಂ ದ್ವಾರ ಪೊಟ್ಯಾಸಿಯಂ ಅನ್ನು ಬಿಡುತ್ತದೆ. ಅದಕ್ಕಿಂತ ಚಿಕ್ಕದಾದ ಸೋಡಿಯಂ ಅನ್ನು ಬಿಡುವುದಿಲ್ಲ. ದೊಡ್ಡದು ನುಸುಳುವ ಕಡೆ ಚಿಕ್ಕದಕ್ಕೆ ಏನು ತಡೆ? 1998ರಲ್ಲಿ ರಾಡರಿಕ್ ಮೆಕಿನಾನ್ ಆ ದ್ವಾರದ ರಚನೆಯನ್ನೇ ಬಿಡಿಸಿ ತೋರಿಸಿದಾಗ ಉತ್ತರ ಸಿಕ್ಕಿತು. ನೀರಿನಲ್ಲಿರುವ ಅಯಾನು ಸುತ್ತಲೂ ನೀರಿನ ಅಣುಗಳನ್ನು ಹೊದ್ದಿರುತ್ತದೆ, ದ್ವಾರ ಹೊಗಲು ಅದನ್ನು ಕಳಚಬೇಕು. ದ್ವಾರದ ಒಳಗೋಡೆಯಲ್ಲಿ ಆಮ್ಲಜನಕದ ಪರಮಾಣುಗಳು ಪೊಟ್ಯಾಸಿಯಂಗೆ ಸರಿಯಾಗಿ ಒಗ್ಗುವ ದೂರದಲ್ಲಿ ನಿಂತು, ಕಳಚಿದ ನೀರಿನ ಜಾಗವನ್ನು ತಾವೇ ತುಂಬುತ್ತವೆ. ಸೋಡಿಯಂ ಚಿಕ್ಕದಾದ್ದರಿಂದ ಎರಡೂ ಬದಿಗೆ ಅದರ ಕೈ ಎಟುಕುವುದಿಲ್ಲ. ನೀರನ್ನು ಕಳಚಿ ಒಳಬಂದರೆ ಅದಕ್ಕೆ ನಷ್ಟ, ಹಾಗಾಗಿ ಹೊರಗೇ ಉಳಿಯುತ್ತದೆ. ಯಾರನ್ನೂ ತಳ್ಳುವ ಕೆಲಸವಿಲ್ಲ. ಸೆಕೆಂಡಿಗೆ ಕೋಟಿಗಟ್ಟಲೆ ಅಯಾನುಗಳು ಹೀಗೆ ಸಾಲಾಗಿ ದಾಟುತ್ತವೆ. ವಿಜ್ಞಾನದ ಬರಹದಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗಿ ಓದಿದ ಸಂಗತಿ ಇದು.

ಇನ್ನು, ಹುಟ್ಟಿನ ಹೊತ್ತಿಗೆ ಮುಚ್ಚಬೇಕೆಂದೇ ಇರುವ ಒಂದು ಬಾಗಿಲು. ಬಸಿರಿನಲ್ಲಿರುವ ಮಗುವಿನ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ದ್ರವ ತುಂಬಿದೆ. ಆಮ್ಲಜನಕ ಬರುವುದು ತಾಯಿಯಿಂದ, ಹೊಕ್ಕುಳಬಳ್ಳಿಯ ಮೂಲಕ. ಅಲ್ಲಿಂದ ಬಂದ ಒಳ್ಳೆಯ ರಕ್ತವನ್ನು ಕೆಲಸವಿಲ್ಲದ ಶ್ವಾಸಕೋಶಕ್ಕೆ ಕಳಿಸುವುದು ವ್ಯರ್ಥ. ಅದಕ್ಕಾಗಿ ಬಲ ಮತ್ತು ಎಡ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಅಂಡಾಕಾರದ ಕಿಂಡಿಯಿದೆ, ಕಿಂಡಿಗೆ ಎಡಗಡೆಯಿಂದ ಒಂದು ತೆಳುಪರೆ ಇಳಿಬಿದ್ದಿದೆ. ಬಲಗಡೆಯ ಒತ್ತಡ ಹೆಚ್ಚಿರುವಷ್ಟು ಕಾಲ ರಕ್ತ ಪರೆಯನ್ನು ಸರಿಸಿಕೊಂಡು ನೇರ ಎಡಕ್ಕೆ ದಾಟಿ ಮಿದುಳಿನ ಕಡೆ ಹೊರಡುತ್ತದೆ. ಮಗು ಹೊರಬಂದು ಮೊದಲ ಸಲ ಅತ್ತಿತೋ, ಶ್ವಾಸಕೋಶ ಬಿಚ್ಚಿಕೊಂಡು ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಅತ್ತ ಧಾವಿಸಿ, ಅಲ್ಲಿಂದ ಎಡ ಹೃತ್ಕರ್ಣಕ್ಕೆ ಬಂದು ತುಂಬುತ್ತದೆ. ಹೊಕ್ಕುಳಬಳ್ಳಿ ಕಟ್ಟಿದ್ದರಿಂದ ಬಲಗಡೆಗೆ ಬರುವ ರಕ್ತ ತಗ್ಗುತ್ತದೆ. ಈಗ ಒತ್ತಡ ಎಡಗಡೆಯದೇ ಹೆಚ್ಚು. ಪರೆ ಕಿಂಡಿಗೆ ಒತ್ತಿಕೊಂಡು ಕೂರುತ್ತದೆ. ಕೆಲವು ತಿಂಗಳಲ್ಲಿ ಅಲ್ಲೇ ಬೆಸೆದುಕೊಳ್ಳುತ್ತದೆ, ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಬೆಸೆಯದೆ, ಹಾಗಿದ್ದೂ ಸಾಮಾನ್ಯವಾಗಿ ತೊಂದರೆ ಕೊಡದೆ ಉಳಿಯುತ್ತದೆ. ದೊಡ್ಡವರ ಹೃದಯದಲ್ಲಿ ಆ ಜಾಗ ಹೆಬ್ಬೆರಳಿನ ತುದಿ ಕೂರುವಷ್ಟು ಒಂದು ತಗ್ಗು. ಬಲ ಹೃತ್ಕರ್ಣ ತೆರೆದವರೆಲ್ಲ ಅಲ್ಲಿ ಒಮ್ಮೆ ಬೆರಳಿಟ್ಟು ನೋಡುತ್ತಾರೆ.

ಈ ತಗ್ಗಿಗೆ ನಮ್ಮ ದೇಶದಲ್ಲಿ ಇನ್ನೂ ಒಂದು ಪ್ರಯೋಜನವಿದೆ. ಚಿಕ್ಕಂದಿನಲ್ಲಿ ಬಂದ ಗಂಟಲುಬೇನೆಗೆ ಸರಿಯಾಗಿ ಔಷಧಿ ಆಗದೆ, ಅದರ ಹಿಂದೆ ಸಂಧಿವಾತದ ಜ್ವರ ಬಂದರೆ, ದೇಹ ತನ್ನ ದ್ವಿದಳ ಕವಾಟವನ್ನೇ ಘಾಸಿಗೊಳಿಸಿಕೊಳ್ಳುತ್ತದೆ. ವರ್ಷಗಳು ಹೋದಂತೆ ದಳಗಳು ದಪ್ಪವಾಗಿ ಅಂಚುಗಳು ಬೆಸೆದುಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದಾರಿ 1ಕ್ಕೆ ಇಳಿಯುತ್ತದೆ. ಬಡವರ ಮನೆಯ ಕಾಯಿಲೆ ಇದು, ಒಂದು ಪೆನ್ಸಿಲಿನ್ನಿಗೆ ತಪ್ಪಬಹುದಾಗಿದ್ದ ಕಾಯಿಲೆ. ಬಹಳ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಬಸುರಿಯಾದಾಗ. ಮೈಯಲ್ಲಿ ರಕ್ತ ಹೆಚ್ಚಿ, ಕಿರಿದಾದ ಬಾಗಿಲಲ್ಲಿ ಸಾಗದೆ ಏದುಸಿರು ಹತ್ತಿದಾಗ.

ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೂಯೆ ಎದೆ ಸೀಳದೆ ಇದನ್ನು ಬಿಡಿಸುವ ಬಲೂನನ್ನು 1984ರಲ್ಲಿ ಲೋಕಕ್ಕೆ ತಿಳಿಸಿದ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ಸಾವಿರಾರು ಮಂದಿಗೆ ಆಗಿದೆ. ತೊಡೆಸಂದಿನ ಅಭಿಧಮನಿಯಿಂದ ಹೊಕ್ಕ ಸಣ್ಣ ನಳಿಕೆ ಬಲ ಹೃತ್ಕರ್ಣ ತಲುಪುತ್ತದೆ. ಕವಾಟ ಇರುವುದು ಎಡಗಡೆ, ನಡುವೆ ಗೋಡೆ. ಆ ಗೋಡೆಯಲ್ಲಿ ಎಲ್ಲಕ್ಕಿಂತ ತೆಳುವಾದ ಜಾಗ ಹುಟ್ಟಿದಂದು ಮುಚ್ಚಿಕೊಂಡ ಆ ಬಾಗಿಲು. ವೈದ್ಯರು ಸೂಜಿ ಚುಚ್ಚುವುದು ಅಲ್ಲಿಯೇ. ರೋಗಿ ಎಚ್ಚರವಾಗಿಯೇ ಇರುತ್ತಾಳೆ. ಬಸುರಿಯಾದರೆ ಹೊಟ್ಟೆಗೆ ಸೀಸದ ಹೊದಿಕೆ ಹಾಕಿ, ಎಕ್ಸ್‌ರೇಯ ಹೊತ್ತನ್ನು ಆದಷ್ಟು ಕಡಿಮೆ ಮಾಡಿ, ಬಲೂನನ್ನು ಕವಾಟದ ನಡುವೆ ಕ್ಷಣಮಾತ್ರ ಉಬ್ಬಿಸಿ ಇಳಿಸುತ್ತಾರೆ. ಬೆಸೆದಿದ್ದ ಅಂಚುಗಳು ಬಿಡುತ್ತವೆ, ಎಡ ಹೃತ್ಕರ್ಣದ ಒತ್ತಡ ಪರದೆಯ ಮೇಲೆ ಕಣ್ಣೆದುರೇ ಇಳಿಯುತ್ತದೆ. ಸೂಜಿಯ ತೂತನ್ನು ಹೊಲಿಯುವುದಿಲ್ಲ. ಹೆಚ್ಚಿನವರಲ್ಲಿ ಅದು ಕೆಲವು ತಿಂಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ.